ನಕ್ಕು ಬದಿಗಿಟ್ಟ ಪುಸ್ತಕದಿಂದ ಮಾರ್ಕೆಟಿಂಗ್ ಕಲಿಯಬಹುದೇ?

ಪ್ರಶ್ನೆ: ನಾನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ಮ್ಯಾನೇಜ್‌ಮೆಂಟ್ ಓದಿದವಳಲ್ಲ. ಗೆಳತಿಯೊಬ್ಬಳು ‘ಪಾರ್ಕಿನ್ಸನ್ಸ್ ಲಾ’ ಪುಸ್ತಕ ಕೊಟ್ಟಳು. ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಫೀಸಿನಲ್ಲಿ ಹೇಳಿದರೆ, “ಜೋಕ್ ಪುಸ್ತಕದಿಂದ ಬಿಸಿನೆಸ್ ಕಲಿಯೋಕಾಗುತ್ತಾ?” ಅಂದರು. ನಿಜವಾಗಿ ಇಂಥ ಪುಸ್ತಕದಲ್ಲಿ ಕೆಲಸಕ್ಕೆ ಬರುವ ಪಾಠ ಏನಾದರೂ ಇದೆಯೇ? ಇದ್ದರೆ ಅದನ್ನು ಹೇಗೆ ಓದಬೇಕು?

ಉತ್ತರ: ಇದೆ, ಸಾಕಷ್ಟಿದೆ. ಆದರೆ ಗಂಭೀರ ಮ್ಯಾನೇಜ್‌ಮೆಂಟ್ ಪುಸ್ತಕ ಓದುವ ಹಾಗೆ ಓದಿದರೆ ಕೈಗೆ ಏನೂ ಹತ್ತುವುದಿಲ್ಲ. ಗಂಭೀರ ಪುಸ್ತಕಗಳು ಕಂಪನಿ ಹೇಗಿರಬೇಕು ಅಂತ ಹೇಳುತ್ತವೆ. ಅವುಗಳಲ್ಲಿ ಬರುವ ಜನ ಕಂಪನಿಯ ಲಾಭಕ್ಕಾಗಿಯೇ ಬೆಳಿಗ್ಗೆ ಎದ್ದು ಬರುತ್ತಾರೆ. ತಮಾಷೆ ಪುಸ್ತಕದ ಜನಕ್ಕೆ ತಮ್ಮ ಕುರ್ಚಿಯ ಚಿಂತೆ, ಪಕ್ಕದವನ ಮೇಲೆ ಹೊಟ್ಟೆಕಿಚ್ಚು, ಮೀಟಿಂಗ್‌ನಲ್ಲಿ ದಡ್ಡರಂತೆ ಕಾಣಬಾರದೆಂಬ ಭಯ. ಅವರನ್ನು ನಾವೆಲ್ಲ ಎಲ್ಲೋ ನೋಡಿದ್ದೇವೆ, ಅದಕ್ಕೇ ನಗು ಬರುತ್ತದೆ. ಹಾಗಾಗಿ ಪ್ರತಿ ಜೋಕ್ ಬಂದಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹೀಗೆ ಮಾಡಿದ್ದರಿಂದ ಯಾರಿಗೆ ಏನು ಲಾಭ? ಉತ್ತರ ಸಿಕ್ಕರೆ ಅಲ್ಲೊಂದು ಪಾಠ ಇದೆ. ಸಿಗದಿದ್ದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಪುಸ್ತಕ ಬರೆದ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಮ್ಯಾನೇಜ್‌ಮೆಂಟ್ ಗುರುವಲ್ಲ. ಬ್ರಿಟನ್ನಿನ ನೌಕಾ ಇತಿಹಾಸ ಓದಿಕೊಂಡ ಪ್ರೊಫೆಸರ್. ಆಗ ಸಿಂಗಾಪುರದಲ್ಲಿ ಮಲಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1955ರ ನವೆಂಬರ್ 19ರಂದು ‘ದಿ ಎಕನಾಮಿಸ್ಟ್’ನಲ್ಲಿ ಅವರ ಲೇಖನ ಬಂತು. ಕೆಲಸಕ್ಕೆ ಎಷ್ಟು ಸಮಯ ಕೊಟ್ಟರೆ ಅಷ್ಟೂ ಸಮಯವನ್ನು ಕೆಲಸ ತುಂಬಿಕೊಳ್ಳುತ್ತದೆ ಅನ್ನುವ ಮಾತು ಅದರದ್ದೇ. ಪುಸ್ತಕ ಬಂದದ್ದು ಅದರ ನಂತರ, 1957ರಲ್ಲಿ. ಈ ಒಂದು ಸಾಲು ಎಷ್ಟು ಹೆಸರಾಯಿತೆಂದರೆ, ಮಿಕ್ಕ ಪುಸ್ತಕವನ್ನು ಜನ ಮರೆತೇಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಆ ಸಾಲು ಪುಸ್ತಕದ ಅತಿ ಒಳ್ಳೆಯ ಭಾಗವೂ ಅಲ್ಲ.

ಒಳ್ಳೆಯ ಭಾಗ ಅದರ ಬೆನ್ನಿಗೇ ಬರುವ ‘ಎ’ ಎಂಬ ಅಧಿಕಾರಿಯ ಕತೆ. ಅವನಿಗೆ ಕೆಲಸ ಜಾಸ್ತಿ ಆಗಿದೆ ಅನ್ನಿಸುತ್ತದೆ. ನಿಜವಾಗಿ ಆಗಿದೆಯೋ ಇಲ್ಲವೋ, ಅದು ಬೇರೆ ಮಾತು. ಅವನ ಮುಂದೆ ಮೂರು ದಾರಿ. ಕೆಲಸ ಬಿಡಬಹುದು. ಸರಿಸಮಾನನಾದ ‘ಬಿ’ ಜೊತೆ ಹಂಚಿಕೊಳ್ಳಬಹುದು. ಇಲ್ಲವೇ ಕೈಕೆಳಗೆ ಇಬ್ಬರನ್ನು ಕೇಳಬಹುದು. ‘ಬಿ’ ಬಂದರೆ ನಾಳೆ ಪ್ರಮೋಷನ್‌ಗೆ ಪೈಪೋಟಿ. ಆದ್ದರಿಂದ ಅವನು ಇಬ್ಬರನ್ನೇ ಕೇಳುತ್ತಾನೆ. ಒಬ್ಬ ಯಾಕೆ ಸಾಲದು? ಒಬ್ಬನೇ ಆದರೆ ಅರ್ಧ ಕೆಲಸ ಅವನ ಕೈಗೆ ಹೋಗಿ ಅವನೇ ಇನ್ನೊಬ್ಬ ‘ಬಿ’ ಆಗುತ್ತಾನೆ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಹೆದರಿಕೊಂಡಿರುತ್ತಾರೆ. ಮುಂದೆ ಆ ಇಬ್ಬರಿಗೂ ಕೆಲಸ ಜಾಸ್ತಿಯಾಗುತ್ತದೆ, ಅವರ ಕೈಕೆಳಗೂ ಇಬ್ಬಿಬ್ಬರು ಬರುತ್ತಾರೆ. ಒಬ್ಬ ಮಾಡುತ್ತಿದ್ದ ಕೆಲಸಕ್ಕೆ ಈಗ ಏಳು ಜನ. ಎಲ್ಲರೂ ಪ್ರಾಮಾಣಿಕವಾಗಿ ದುಡಿಯುತ್ತಾರೆ, ಯಾರೂ ಖಾಲಿ ಕೂತಿಲ್ಲ. ಬಂದ ಒಂದು ಪತ್ರ ಆರು ಕೈ ದಾಟಿ ‘ಎ’ ಮೇಜಿಗೆ ಬರುತ್ತದೆ. ಅವನು ಅವರು ಸೇರಿಸಿದ್ದನ್ನೆಲ್ಲ ಹೊಡೆದುಹಾಕಿ, ಅವರು ಯಾರೂ ಇಲ್ಲದಿದ್ದರೆ ತಾನು ಹೇಗೆ ಬರೆಯುತ್ತಿದ್ದನೋ ಹಾಗೇ ಬರೆದು, ಕತ್ತಲಾದ ಮೇಲೆ ಸುಸ್ತಾಗಿ ಮನೆಗೆ ಹೋಗುತ್ತಾನೆ.

ಇದನ್ನು ಓದಿದಾಗ ನಿಮಗೆ ನಿಮ್ಮ ಕಂಪನಿಯ ಯಾವುದಾದರೂ ಇಮೇಲ್ ಕ್ಯಾಂಪೇನ್ ನೆನಪಾಗಿರಬೇಕು. ಅದನ್ನೇ ಪರೀಕ್ಷೆಗೆ ಹಿಡಿಯಿರಿ. ಕಳೆದ ತಿಂಗಳು ಹೋದ ಒಂದು ಇಮೇಲ್ ಆರಿಸಿಕೊಳ್ಳಿ. ಅದರ ಮೊದಲ ಡ್ರಾಫ್ಟ್ ತೆಗೆಯಿರಿ, ಕೊನೆಗೆ ಗ್ರಾಹಕರಿಗೆ ಹೋದದ್ದನ್ನು ಪಕ್ಕದಲ್ಲಿಡಿ. ನಡುವೆ ಯಾರ್ಯಾರು ಏನೇನು ಬದಲಿಸಿದರು ಅಂತ ಬರೆದುಕೊಳ್ಳಿ. ಮೂರು ಬಗೆಯ ಬದಲಾವಣೆ ಕಾಣುತ್ತದೆ. ತಪ್ಪು ತಿದ್ದಿದ್ದು, ಅರ್ಥ ಸ್ಪಷ್ಟ ಮಾಡಿದ್ದು, ಮತ್ತು ‘ನಾನೂ ನೋಡಿದ್ದೇನೆ’ ಅಂತ ತೋರಿಸಲು ಮಾಡಿದ್ದು. ಮೂರನೆಯದು ಬಹಳ ಸುಲಭವಾಗಿ ಗುರುತು ಸಿಗುತ್ತದೆ. ಒಬ್ಬರು ‘ಆರಂಭಿಸಿ’ ಇದ್ದದ್ದನ್ನು ‘ಶುರು ಮಾಡಿ’ ಅಂತ ಮಾಡಿರುತ್ತಾರೆ, ಮುಂದಿನವರು ಅದನ್ನು ತಿರುಗಿ ‘ಆರಂಭಿಸಿ’ ಮಾಡಿರುತ್ತಾರೆ. ಹೀಗೆ ನಾಲ್ಕೈದು ಇಮೇಲ್ ನೋಡಿದರೆ ಯಾವ ಅಪ್ರೂವಲ್ ಬೇಕು, ಯಾವುದು ಬೇಡ ಅನ್ನುವುದು ಯಾರ ಮೇಲೂ ಬೊಟ್ಟು ಮಾಡದೆ ಕಾಗದದ ಮೇಲೆ ಬರುತ್ತದೆ. ಆಫೀಸಿನಲ್ಲಿ ಜೋಕ್ ಹೇಳುವುದಕ್ಕಿಂತ ಈ ಕಾಗದ ತೋರಿಸಿ. ಅದನ್ನು ನೋಡಿ ಯಾರೂ ಜೋಕ್ ಪುಸ್ತಕದ ಮಾತೆತ್ತುವುದಿಲ್ಲ.

ಪಾರ್ಕಿನ್ಸನ್ ಕೂಡ ಬರೀ ಕತೆ ಹೇಳಿ ಸುಮ್ಮನಾಗಲಿಲ್ಲ, ಅಂಕಿ ಕೊಟ್ಟರು. ಬ್ರಿಟಿಷ್ ನೌಕಾಪಡೆಯಲ್ಲಿ 1914ರಲ್ಲಿ 62 ದೊಡ್ಡ ಯುದ್ಧನೌಕೆಗಳು ಸೇವೆಯಲ್ಲಿದ್ದವು. 1928ರ ಹೊತ್ತಿಗೆ 20 ಉಳಿದವು. ನಾವಿಕರು, ಅಧಿಕಾರಿಗಳು ಸೇರಿ 1,46,000 ಇದ್ದವರು 1,00,000ಕ್ಕೆ ಇಳಿದರು. ಅದೇ ಅವಧಿಯಲ್ಲಿ ನೌಕಾಪಡೆಯನ್ನು ನೋಡಿಕೊಳ್ಳುವ ಅಡ್ಮಿರಾಲ್ಟಿ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಹಡಗು ಕಡಿಮೆ, ಫೈಲು ಜಾಸ್ತಿ. ವಸಾಹತು ಇಲಾಖೆಯದ್ದೂ ಇದೇ ಕತೆ. 1935ರಲ್ಲಿ 372 ಸಿಬ್ಬಂದಿ, 1954ರಲ್ಲಿ 1,661. ಅಷ್ಟರಲ್ಲಿ ನೋಡಿಕೊಳ್ಳಬೇಕಾದ ಸಾಮ್ರಾಜ್ಯವೇ ಕುಗ್ಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಅಂಕಿಗಳು ನಗಿಸುತ್ತವೆ, ಆದರೆ ಪೂರ್ತಿ ಸಾಬೀತು ಮಾಡುವುದಿಲ್ಲ. ಎರಡು ವರ್ಷ ಆರಿಸಿಕೊಂಡು ಹೋಲಿಸಿದರೆ ಬೇಕಾದ ಚಿತ್ರ ಬರಿಸಬಹುದು. ಆ ಹದಿನಾಲ್ಕು ವರ್ಷದಲ್ಲಿ ವೈರ್‌ಲೆಸ್, ವಿಮಾನ, ಜಲಾಂತರ್ಗಾಮಿ ಎಲ್ಲ ಬೆಳೆದವು. ಅದಕ್ಕೆ ಬೇಕಾದ ಕಚೇರಿ ಕೆಲಸವೂ ಬೆಳೆದಿರಲೇಬೇಕು. ಆದ್ದರಿಂದ ‘ನಮ್ಮ ಟೀಮ್ ದೊಡ್ಡದಾಯಿತು, ಅಂದರೆ ಎಲ್ಲರೂ ದಂಡ’ ಅನ್ನುವ ತೀರ್ಮಾನಕ್ಕೆ ಹಾರಬೇಡಿ. ಅಂಕಿಯಿಂದ ಕಲಿಯಬೇಕಾದದ್ದು ಇಷ್ಟು: ಕೆಲಸದ ಗಾತ್ರವನ್ನು, ಕೆಲಸ ಮಾಡುವವರ ಸಂಖ್ಯೆಯನ್ನು ಬೇರೆ ಬೇರೆ ಸಾಲಿನಲ್ಲಿ ಬರೆದು ಒಟ್ಟಿಗೆ ನೋಡಿ. ಹಡಗು ಎಷ್ಟು, ಗುಮಾಸ್ತರು ಎಷ್ಟು. ನಿಮ್ಮ ವಿಷಯದಲ್ಲಿ ಹಡಗು ಅಂದರೆ ಹಣ ಕೊಡುವ ಗ್ರಾಹಕರು. ಎಷ್ಟು ಪೋಸ್ಟ್ ಹಾಕಿದಿರಿ, ಎಷ್ಟು ವೆಬಿನಾರ್ ಮಾಡಿದಿರಿ ಅನ್ನುವುದೆಲ್ಲ ಗುಮಾಸ್ತರ ಸಾಲಿಗೆ ಹೋಗಬೇಕು.

ಇನ್ನು ಆ ಹೆಸರಾದ ಸಾಲಿನ ದುರುಪಯೋಗದ ಬಗ್ಗೆ. ಕೆಲವು ಬಾಸ್‌ಗಳು ಇದನ್ನು ಓದಿ ಎಲ್ಲ ಡೆಡ್‌ಲೈನ್ ಅರ್ಧ ಮಾಡುತ್ತಾರೆ. ಪಾರ್ಕಿನ್ಸನ್ ಅದನ್ನು ಹೇಳಲೇ ಇಲ್ಲ. ಸಮಯ ಕೊಟ್ಟಷ್ಟೂ ಕೆಲಸ ಹಿಗ್ಗುತ್ತದೆ ಅಂದರು, ಹಿಂಡಿದಷ್ಟೂ ಕುಗ್ಗುತ್ತದೆ ಅನ್ನಲಿಲ್ಲ. 1966ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಯೂಜೀನ್ ಜೆರಾರ್ಡ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದರು. ಒಂದು ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸಮಯ ಸಿಕ್ಕವರು, ಮುಂದಿನ ಸಲ ಅಂಥದ್ದೇ ಕೆಲಸಕ್ಕೆ ತಾವಾಗಿಯೇ ಜಾಸ್ತಿ ಸಮಯ ತೆಗೆದುಕೊಂಡರು. ಅಂದರೆ ಮೊದಲ ಸಲದ ಗಡುವು ಅಭ್ಯಾಸವಾಗಿಬಿಡುತ್ತದೆ. ನಿಮಗೆ ಇದು ಉಪಯೋಗಕ್ಕೆ ಬರುವುದು ಹೊಸ ಕೆಲಸ ಶುರು ಮಾಡುವಾಗ. ತಿಂಗಳ ನ್ಯೂಸ್‌ಲೆಟರ್‌ನ ಮೊದಲ ಸಂಚಿಕೆಗೆ ಎರಡು ವಾರ ಕೊಟ್ಟರೆ, ಹತ್ತನೆಯದಕ್ಕೂ ಎರಡು ವಾರವೇ ಹಿಡಿಯುವ ಸಂಭವ ಹೆಚ್ಚು.

ಪುಸ್ತಕದಲ್ಲಿ ಎಲ್ಲರಿಗೂ ಇಷ್ಟವಾಗುವ ಇನ್ನೊಂದು ಅಧ್ಯಾಯ ಹಣಕಾಸು ಸಮಿತಿಯದ್ದು. ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರ್‌ಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಸಿಗುತ್ತದೆ. ಕೆಲವು ನೂರು ಪೌಂಡಿನ ಸೈಕಲ್ ಶೆಡ್‌ಗೆ ಮುಕ್ಕಾಲು ಗಂಟೆ ಚರ್ಚೆ. ಇನ್ನೊಂದು ಸಮಿತಿಯ ಕಾಫಿ ಖರ್ಚಿಗೆ ಒಂದೂಕಾಲು ಗಂಟೆ. ಕಾರಣ ಸರಳ. ರಿಯಾಕ್ಟರ್ ಬಹುಪಾಲು ಜನಕ್ಕೆ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಗೊತ್ತು, ಕಾಫಿಯಲ್ಲಂತೂ ಎಲ್ಲರೂ ಪಂಡಿತರೇ.

ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅಲ್ಲಿ ಬರುವ ಬ್ರಿಕ್‌ವರ್ತ್ ಎಂಬ ಸದಸ್ಯನನ್ನು ಯಾರೂ ನೆನೆಯುವುದಿಲ್ಲ. ಆ ಕೋಣೆಯಲ್ಲಿ ರಿಯಾಕ್ಟರ್‌ಗೆ ಎಷ್ಟು ಖರ್ಚಾಗಬೇಕು ಅಂತ ಸ್ವಲ್ಪವಾದರೂ ಅಂದಾಜಿದ್ದ ಇಬ್ಬರಲ್ಲಿ ಅವನೊಬ್ಬ. ಖರ್ಚು ಅಷ್ಟು ಸರಿಯಾಗಿ ಒಂದು ಕೋಟಿಯೇ ಯಾಕಾಯಿತು ಅಂತ ಅವನಿಗೆ ಅನುಮಾನ ಇದೆ. ಆದರೆ ಕೇಳಬೇಕೆಂದರೆ ಮೊದಲು ರಿಯಾಕ್ಟರ್ ಅಂದರೆ ಏನು ಅಂತ ಎಲ್ಲರಿಗೂ ವಿವರಿಸಬೇಕು. ತಮಗೆ ಗೊತ್ತಿಲ್ಲ ಅಂತ ಅಲ್ಲಿ ಯಾರೂ ಒಪ್ಪುವುದಿಲ್ಲ. ಹಾಗಾಗಿ ಅವನು ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ನನಗೆ ಇಡೀ ಅಧ್ಯಾಯದ ತಿರುಳು ಇಲ್ಲೇ ಕಾಣುತ್ತದೆ. ಸಮಿತಿಗೆ ಬುದ್ಧಿ ಇಲ್ಲದೆ ಅಲ್ಲ, ಇದ್ದ ಬುದ್ಧಿ ಮಾತಾಡದೆ ತಪ್ಪು ನಡೆಯಿತು.

ಮಾರ್ಕೆಟಿಂಗ್‌ನಲ್ಲಿ ರಿಯಾಕ್ಟರ್ ಅಂದರೆ ಬೆಲೆ. ಸೈಕಲ್ ಶೆಡ್ ಅಂದರೆ ಲೋಗೋ ಬಣ್ಣ. ನಾನು ಕೂತ ಮೀಟಿಂಗ್‌ಗಳಲ್ಲಿ ಇದು ತಪ್ಪಿದ್ದು ಅಪರೂಪ. ನೀಲಿಯೋ ಕಡುನೀಲಿಯೋ ಅಂತ ಗಂಟೆಗಟ್ಟಲೆ ಎಳೆದಾಡುತ್ತಾರೆ. ಬೆಲೆ ಬಂದಾಗ, “ಪೈಪೋಟಿಯವರಿಗಿಂತ ಹತ್ತು ಪರ್ಸೆಂಟ್ ಕಡಿಮೆ ಇಡೋಣ” ಅಂತ ಯಾರೋ ಅನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಮುಗಿಯಿತು. ಆ ಹತ್ತು ಪರ್ಸೆಂಟ್ ಲಾಭವನ್ನು ಏನು ಮಾಡುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ನೂರಕ್ಕೆ ಮಾರಿದ್ದರಲ್ಲಿ ಖರ್ಚೆಲ್ಲ ಕಳೆದು ಇಪ್ಪತ್ತು ಉಳಿಯುತ್ತಿದ್ದರೆ, ತೊಂಬತ್ತಕ್ಕೆ ಮಾರಿದಾಗ ಹತ್ತು ಉಳಿಯುತ್ತದೆ. ಮಾರಾಟ ಹೆಚ್ಚದೇ ಹೋದರೆ ಲಾಭ ಅರ್ಧ ಹೋಯಿತು. ಎರಡು ನಿಮಿಷದಲ್ಲಿ!

ಇದಕ್ಕೆ ಮದ್ದು ಮೀಟಿಂಗ್‌ಗೆ ಮುಂಚೆಯೇ ಇದೆ. ಪ್ರತಿ ವಿಷಯದ ಪಕ್ಕದಲ್ಲಿ, ಇದು ತಪ್ಪಾದರೆ ವರ್ಷಕ್ಕೆ ಎಷ್ಟು ಹಣ ಹೋಗುತ್ತದೆ ಅಂತ ಅಂದಾಜು ಬರೆಯಿರಿ. ದೊಡ್ಡದು ಮೊದಲು ಬರಲಿ. ಆಮೇಲೆ ನಿಮ್ಮ ಬ್ರಿಕ್‌ವರ್ತ್ ಯಾರು ಅಂತ ಹುಡುಕಿ. ಬಹಳ ಸಲ ಅದು ಗ್ರಾಹಕರ ಫೋನ್ ತೆಗೆಯುವ ಸಪೋರ್ಟ್‌ನವರೋ ಅಕೌಂಟ್ಸ್‌ನವರೋ ಆಗಿರುತ್ತಾರೆ. ಹಿಂದಿನ ದಿನವೇ ಅವರ ಹತ್ತಿರ ಹೋಗಿ, “ಈ ಬೆಲೆಯಲ್ಲಿ ನಿಮಗೇನು ಅನುಮಾನ?” ಅಂತ ಒಬ್ಬರೇ ಇರುವಾಗ ಕೇಳಿ. ಅನುಮಾನ ಇದೆಯೇ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಏನು ಅನುಮಾನ ಅಂತ ಕೇಳಿದರೆ ಹೇಳುತ್ತಾರೆ.

ಈಗ ನೇರ ಮಾರ್ಕೆಟಿಂಗ್‌ಗೆ ಬರೋಣ. ನೀವು ಕೇಳಿದ್ದು ಮುಖ್ಯವಾಗಿ ಅದನ್ನೇ. ಪುಸ್ತಕದಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಬಗ್ಗೆ ಒಂದು ಅಧ್ಯಾಯ ಇದೆ. ಮೇಲ್ನೋಟಕ್ಕೆ ಅದು ನೇಮಕಾತಿಯ ವಿಷಯ. ನನಗೆ ಅದು ಜಾಹೀರಾತು ಬರೆಯುವ ಬಗ್ಗೆ ಬಂದಿರುವ ಒಳ್ಳೆಯ ಪಾಠಗಳಲ್ಲೊಂದು. ಪಾರ್ಕಿನ್ಸನ್ ವಾದ ಹೀಗಿದೆ. ಸಾಮಾನ್ಯ ಜಾಹೀರಾತು ಒಳ್ಳೆಯ ಸಂಬಳ, ಸುಖದ ಕೆಲಸ ಅಂತೆಲ್ಲ ಹೇಳಿ ಸಾವಿರಾರು ಅರ್ಜಿ ತರಿಸುತ್ತದೆ. ಆಮೇಲೆ ಅದರಲ್ಲಿ ಆರಿಸಲು ಪರೀಕ್ಷೆ, ಸಂದರ್ಶನ, ತಲೆನೋವು. ನಿಜವಾಗಿ ಒಳ್ಳೆಯ ಜಾಹೀರಾತಿಗೆ ಒಂದೇ ಅರ್ಜಿ ಬರಬೇಕು, ಅದೂ ಸರಿಯಾದವನದ್ದು. ಅದಕ್ಕೆ ಅವರು ಕೊಡುವ ಮಾದರಿ ಸರ್ಕಸ್ ಕಲಾವಿದನದ್ದು. ಧಗಧಗ ಉರಿಯುವ ಕುಲುಮೆಯ ಮೇಲೆ 200 ಅಡಿ ಎತ್ತರದಲ್ಲಿ ಸಡಿಲ ತಂತಿಯ ಮೇಲೆ ನಡೆಯಬೇಕು. ರಾತ್ರಿಗೆ ಎರಡು ಸಲ, ಶನಿವಾರ ಮೂರು ಸಲ. ಪಿಂಚಣಿ ಇಲ್ಲ, ಬಿದ್ದರೆ ಪರಿಹಾರವೂ ಇಲ್ಲ. ಸಂಬಳ ಇಷ್ಟು ಅಂತ ಸ್ಪಷ್ಟವಾಗಿ ಇದೆ. ಬರುವವರು ಇಂಥ ಹೊತ್ತಿಗೆ ಖುದ್ದಾಗಿ ಬರಬೇಕು.

ನೋಡಿ, ಇದರಲ್ಲಿ ಎಲ್ಲಿಯೂ ‘ನುರಿತವರು ಬೇಕು’, ‘ಧೈರ್ಯವಂತರು ಬೇಕು’ ಅಂತ ಇಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. ತಲೆ ತಿರುಗುವವನು ಆ ಕಡೆ ಸುಳಿಯುವುದಿಲ್ಲ. ಜಾಹೀರಾತಿನ ವಿವರವೇ ಆರಿಸುವ ಕೆಲಸ ಮಾಡಿತು. ಎತ್ತರ, ಬೆಂಕಿ, ವೇಳೆ, ಸಂಬಳ, ತೊಂದರೆ ಎಲ್ಲ ಬರೆದರು, ಒಂದು ಗುಣವಾಚಕವನ್ನೂ ಜನರ ಮೇಲೆ ಹಚ್ಚಲಿಲ್ಲ.

ಇದನ್ನು ನಿಮ್ಮ ವೆಬ್‌ಸೈಟ್ ಮುಂದೆ ಹಿಡಿದು ನೋಡಿ. ‘ಎಲ್ಲ ಗಾತ್ರದ ವ್ಯಾಪಾರಗಳಿಗೂ ಸುಲಭ, ಶಕ್ತಿಶಾಲಿ ಪರಿಹಾರ’ ಅಂತ ಇದ್ದರೆ ಅದು ಸಾವಿರ ಅರ್ಜಿ ತರಿಸುವ ಜಾಹೀರಾತು. ಫಾರ್ಮ್ ತುಂಬುವವರು ತುಂಬುತ್ತಾರೆ, ತಿಂಗಳ ರಿಪೋರ್ಟ್‌ನಲ್ಲಿ ಲೀಡ್, ಅಂದರೆ ಮುಂದೆ ಕೊಳ್ಳಬಹುದಾದವರ, ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಸೇಲ್ಸ್‌ನವರು ಒಬ್ಬೊಬ್ಬರಿಗೂ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿ, ಇವರಿಗೆ ಇದು ಬೇಕಿಲ್ಲ ಅಂತ ಕಂಡುಕೊಳ್ಳುತ್ತಾರೆ. ಅದರ ಬದಲು ಬೆಲೆ ಹಾಕಿ. ಹಳೆಯ ಡೇಟಾ ತರಲು ಎಷ್ಟು ದಿನ ಹಿಡಿಯುತ್ತದೆ ಅಂತ ಹಾಕಿ. ಇಂಟರ್ನೆಟ್ ಇಲ್ಲದೆ ನಡೆಯುವುದಿಲ್ಲ ಅನ್ನುವುದಾದರೆ ಅದನ್ನೂ ಹಾಕಿ. ಐದು ಜನಕ್ಕಿಂತ ಕಡಿಮೆ ಇರುವ ಆಫೀಸಿಗೆ ಇದು ದುಬಾರಿ ಬೀಳುತ್ತದೆ ಅನ್ನುವುದು ನಿಜವಿದ್ದರೆ, ಮುಚ್ಚುಮರೆ ಇಲ್ಲದೆ ಹೇಳಿ. ಲೀಡ್ ಇಳಿಯುತ್ತದೆ. ಮೊದಲ ತಿಂಗಳು ಎಲ್ಲರೂ ಗಾಬರಿಯಾಗುತ್ತಾರೆ. ನೀವು ನೋಡಬೇಕಾದದ್ದು ಬಂದ ಲೀಡ್‌ಗಳಲ್ಲಿ ಎಷ್ಟು ಮಾರಾಟವಾದವು, ಒಂದು ಮಾರಾಟಕ್ಕೆ ಸೇಲ್ಸ್‌ನವರ ಎಷ್ಟು ಗಂಟೆ ಹೋಯಿತು ಅನ್ನುವುದನ್ನು. ಆ ಎರಡೂ ಸುಧಾರಿಸದಿದ್ದರೆ ಬದಲಾವಣೆ ವಾಪಸ್ ತೆಗೆಯಿರಿ, ಪುಸ್ತಕದ ಮೇಲೆ ಭಕ್ತಿ ಬೇಡ.

ಯಾಕೆಂದರೆ ಈ ಜೋಕ್‌ಗೂ ಒಂದು ಗಡಿ ಇದೆ. ಒಂದೇ ಅರ್ಜಿ ಬಂದರೆ ನಿಮಗೆ ಆಯ್ಕೆಯೇ ಇಲ್ಲ, ಅವನು ಕೈಕೊಟ್ಟರೆ ಆಟ ಮುಗಿಯಿತು. ಇನ್ನೊಂದು, ಸೋಪಿನಂಥ ದಿನಬಳಕೆಯ, ಅಗ್ಗದ ಸಾಮಾನಿಗೆ ಈ ಸೋಸುವ ಕೆಲಸ ಒಗ್ಗುವುದಿಲ್ಲ. ಅಲ್ಲಿ ಆದಷ್ಟು ಜನಕ್ಕೆ ಹೆಸರು ನೆನಪಿರಬೇಕು, ಎಲ್ಲೆಡೆ ಸಿಗಬೇಕು. ಒಬ್ಬೊಬ್ಬ ಗ್ರಾಹಕನ ಹಿಂದೆಯೂ ಮನುಷ್ಯರ ಗಂಟೆಗಳು ಖರ್ಚಾಗುವ ವ್ಯಾಪಾರಕ್ಕೆ ಮಾತ್ರ ಸರ್ಕಸ್ ಜಾಹೀರಾತು ಸರಿ. ನಿಮ್ಮದು ಅಂಥದ್ದು ಅಂತ ನನ್ನ ಊಹೆ.

ತೊಂದರೆಯನ್ನು ಮೊದಲೇ ಹೇಳಿದರೆ ಗಿರಾಕಿ ಓಡಿಹೋಗುವುದಿಲ್ಲವೇ ಅಂತ ಕೇಳಬಹುದು. ಅದಕ್ಕೆ ಉತ್ತರ ಇನ್ನೊಂದು ತಮಾಷೆ ಪುಸ್ತಕದಲ್ಲಿದೆ. ರಾಬರ್ಟ್ ಟೌನ್‌ಸೆಂಡ್ 1970ರಲ್ಲಿ ಬರೆದ ‘ಅಪ್ ದಿ ಆರ್ಗನೈಸೇಷನ್’. ಇವರು ಪಾರ್ಕಿನ್ಸನ್‌ನಂತೆ ಹೊರಗಿನಿಂದ ನೋಡಿ ನಕ್ಕವರಲ್ಲ. 1962ರಲ್ಲಿ ಅಮೆರಿಕದ ಕಾರು ಬಾಡಿಗೆ ಕಂಪನಿ ಏವಿಸ್‌ನ ಮುಖ್ಯಸ್ಥರಾದವರು. ಕಂಪನಿ ಹದಿಮೂರು ವರ್ಷದಿಂದ ಲಾಭ ಕಂಡಿರಲಿಲ್ಲ. ಮೊದಲ ಸ್ಥಾನದಲ್ಲಿ ಹರ್ಟ್ಸ್ ಬಹಳ ಮುಂದಿತ್ತು. ಜಾಹೀರಾತು ಏಜೆನ್ಸಿ ಡಾಯ್ಲ್ ಡೇನ್ ಬರ್ನ್‌ಬಾಕ್, ಏವಿಸ್ ಬಗ್ಗೆ ಪ್ರಾಮಾಣಿಕವಾಗಿ ಏನು ಹೇಳಬಹುದು ಅಂತ ಹುಡುಕಿತು. ಸಿಕ್ಕಿದ್ದು ಇಷ್ಟೇ: ನಾವು ಎರಡನೆಯವರು, ಅದಕ್ಕೇ ಜಾಸ್ತಿ ಪ್ರಯತ್ನ ಪಡುತ್ತೇವೆ. ಆ ಸಾಲು ಬರೆದದ್ದು ಪೌಲಾ ಗ್ರೀನ್. ಜಾಹೀರಾತಿನಲ್ಲಿ ಕೊಳಕು ಆಶ್‌ಟ್ರೇ, ಅರ್ಧ ಖಾಲಿ ಪೆಟ್ರೋಲ್ ಟ್ಯಾಂಕ್ ಕೊಟ್ಟರೆ ನಮಗೆ ಉಳಿಗಾಲವಿಲ್ಲ ಅನ್ನುವ ಅರ್ಥದ ಮಾತಿತ್ತು. ನಮ್ಮ ಕೌಂಟರ್‌ನಲ್ಲಿ ಕ್ಯೂ ಸಣ್ಣದು ಅಂತಲೂ ಇತ್ತು. ಗಿರಾಕಿ ಕಡಿಮೆ ಅನ್ನುವುದನ್ನೇ ಗಿರಾಕಿಗೆ ಅನುಕೂಲವಾಗಿ ತೋರಿಸಿದರು! ಒಂದು ವರ್ಷದಲ್ಲಿ 32 ಲಕ್ಷ ಡಾಲರ್ ನಷ್ಟ ಹೋಗಿ 12 ಲಕ್ಷ ಡಾಲರ್ ಲಾಭ ಬಂತು. ಅದೆಲ್ಲ ಜಾಹೀರಾತಿನಿಂದಲೇ ಆಯಿತು ಅನ್ನಲಾರೆ. ಟೌನ್‌ಸೆಂಡ್ ಒಳಗೂ ಬಹಳ ಬದಲಾಯಿಸಿದ್ದರು.

ಅವರ ಪುಸ್ತಕದಲ್ಲಿ ನನಗೆ ಹೆಚ್ಚು ಬೆಲೆಯದ್ದು ಅನ್ನಿಸುವುದು ಏಜೆನ್ಸಿ ಜೊತೆಗಿನ ಒಪ್ಪಂದ. ಕಾರು ಬಾಡಿಗೆ ವಿಷಯ ಏಜೆನ್ಸಿಗೆ ನಮ್ಮಷ್ಟು ಗೊತ್ತಾಗುವುದಿಲ್ಲ, ಜಾಹೀರಾತು ವಿಷಯ ನಮಗೆ ಅವರಷ್ಟು ಗೊತ್ತಾಗುವುದಿಲ್ಲ. ಆದ್ದರಿಂದ ಏವಿಸ್ ಒಂದು ಜಾಹೀರಾತನ್ನು ಒಪ್ಪಬಹುದು, ಇಲ್ಲವೇ ಬೇಡ ಅನ್ನಬಹುದು. ತಿದ್ದಿ ‘ಉತ್ತಮಪಡಿಸುವ’ ಹಾಗಿಲ್ಲ. ‘ಎ’ ಮೇಜಿನ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ನಿಮ್ಮ ಕಂಪನಿಯಲ್ಲಿ ಪೂರ್ತಿ ಜಾರಿಗೆ ತರುವುದು ಕಷ್ಟ. ಒಂದು ಕ್ಯಾಂಪೇನ್ ಮಟ್ಟಿಗೆ ಕೇಳಿ ನೋಡಬಹುದು: ಹೌದು ಅಥವಾ ಬೇಡ ಅನ್ನಿ, ಬೇಡ ಅಂದರೆ ಕಾರಣ ಹೇಳಿ, ವಾಕ್ಯ ನನಗೆ ಬಿಡಿ.

ಸಮಿತಿಯಲ್ಲಿ ಎಷ್ಟು ಜನ ಇರಬೇಕು ಅನ್ನುವ ಅಧ್ಯಾಯವನ್ನು ಬೇಗ ಓದಿ ಮುಗಿಸಿ. ಇಪ್ಪತ್ತರ ಆಸುಪಾಸು ದಾಟಿದರೆ ಸಮಿತಿ ಸತ್ತ ಹಾಗೆ ಅನ್ನುತ್ತಾರೆ. ಅದಕ್ಕೆ ಕೊಟ್ಟಿರುವ ಗಣಿತ ಪೂರ್ತಿ ತಮಾಷೆ. ಸಂಸ್ಥೆಯ ಕಟ್ಟಡ ಚೆಂದವಾದರೆ ಸಂಸ್ಥೆ ಮುಳುಗುವ ಹಂತದಲ್ಲಿದೆ ಅನ್ನುವ ಅಧ್ಯಾಯವೂ ಓದಲು ಸೊಗಸು. ಅದರಿಂದ ವ್ಯಾಪಾರದ ಪಾಠ ತೆಗೆಯಲು ಹೋಗಬೇಡಿ.

ಮುಂದೆ ಏನು ಓದಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೌನ್‌ಸೆಂಡ್ ಪುಸ್ತಕ ಅಕಾರಾದಿಯಾಗಿ ಸಣ್ಣ ಸಣ್ಣ ತುಣುಕುಗಳಲ್ಲಿದೆ, ಎಲ್ಲಿ ಬೇಕಾದರೂ ತೆರೆಯಬಹುದು. ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ ಅವರ ‘ದಿ ಪೀಟರ್ ಪ್ರಿನ್ಸಿಪಲ್’ 1969ರದ್ದು. ಪ್ರತಿಯೊಬ್ಬರೂ ತಮಗೆ ಕೈಲಾಗದ ಹುದ್ದೆ ಸಿಗುವವರೆಗೆ ಪ್ರಮೋಷನ್ ಪಡೆಯುತ್ತಾ ಹೋಗುತ್ತಾರೆ ಅನ್ನುವುದು ಅದರ ಮಾತು. ಬಹಳ ಜನ ಅದನ್ನು ಬರೀ ಜೋಕ್ ಅಂದುಕೊಂಡಿದ್ದರು. 2019ರಲ್ಲಿ ಅಲನ್ ಬೆನ್ಸನ್, ಡ್ಯಾನಿಯೆಲ್ ಲೀ, ಕೆಲ್ಲಿ ಶೂ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕಂಪನಿಗಳ ಸೇಲ್ಸ್ ಸಿಬ್ಬಂದಿಯ ಲೆಕ್ಕ ತೆಗೆದು ನೋಡಿದರು. ಚೆನ್ನಾಗಿ ಮಾರುವವರಿಗೆ ಮ್ಯಾನೇಜರ್ ಹುದ್ದೆ ಹೆಚ್ಚು ಸಿಗುತ್ತಿತ್ತು. ಆದರೆ ಮ್ಯಾನೇಜರ್ ಆದವರಲ್ಲಿ, ಮೊದಲು ಹೆಚ್ಚು ಮಾರಿದವರ ಕೈಕೆಳಗಿನ ಟೀಮ್ ಮಿಕ್ಕವರ ಟೀಮ್‌ಗಿಂತ ಕಡಿಮೆ ಮಾರುತ್ತಿತ್ತು. ಪುಸ್ತಕದ ಮೊದಲರ್ಧ ಸಾಕು, ಆಮೇಲೆ ಒಂದೇ ಜೋಕ್ ತಿರುಗಿ ತಿರುಗಿ ಬರುತ್ತದೆ. ಪಾರ್ಕಿನ್ಸನ್ ಅವರದೇ ‘ದಿ ಲಾ ಅಂಡ್ ದಿ ಪ್ರಾಫಿಟ್ಸ್’ 1960ರಲ್ಲಿ ಬಂತು. ಆದಾಯ ಏರಿದಷ್ಟೂ ಖರ್ಚೂ ಏರುತ್ತದೆ ಅನ್ನುವುದು ಅದರ ಎರಡನೇ ನಿಯಮ. ಬಹುಪಾಲು ತೆರಿಗೆಯ ವಿಷಯ, ನಿಮಗೆ ಬೇಸರ ಬರಬಹುದು. ಆದರೆ ವರ್ಷದ ಕೊನೆಯಲ್ಲಿ ಮಿಕ್ಕ ಮಾರ್ಕೆಟಿಂಗ್ ಬಜೆಟ್ಟನ್ನು ಗಡಿಬಿಡಿಯಲ್ಲಿ ಖರ್ಚು ಮಾಡಲು ಹೊರಡುವ ಮುಂಚೆ ಮೊದಲ ಅಧ್ಯಾಯ ಓದಿಕೊಳ್ಳಿ.